ಮಂಜು ಕರಗಿದ ಮೇಲೂ ಉರಿಯೋ ಕೆಂಪು ಲೈಟು

ಕಾಂತ,

ಉಪ್ಪಿಟ್ಟು ಮುಚ್ಚಿಟ್ಟಿದೀನಿ, ತಿಂದೇ ಗಾಡಿ ತೆಗಿ. ನಾನು ಇವತ್ತು ಸ್ಕೂಟರ್ ಬಿಟ್ಟು ಬಸ್ಸಲ್ಲಿ ಹುಣಸೂರಿಗೆ ಹೊರಟೆ.

ಹೊಗೆಸೊಪ್ಪಿನ ಬೇಲ್ ಮೇಲೆ ಹೊದಿಸೋ ಟಾರ್ಪಾಲು ಹಿಂದಿನ ಲೈಟಿನ ಮೇಲೆ ಜೋತುಬೀಳದ ಹಾಗೆ ಎತ್ತಿ ಕಟ್ಟು. ಮಂಜು ದಟ್ಟವಾಗಿದ್ದರೆ ಹಿಂದಿನ ಫಾಗ್ ಲೈಟ್ ಹಾಕ್ಕೋ, ಬೇಡ ಅನ್ನಲ್ಲ. ಮಂಜು ಕರಗಿದ ತಕ್ಷಣ ಆರಿಸು ಕಣೋ! ನೀನು ಮಾರ್ಕೆಟ್ ಮುಟ್ಟೋವರೆಗೂ ಉರಿಸ್ಕೊಂಡೇ ಹೋಗ್ತೀಯ. ಹಿಂದಿನವರಿಗೆ ಕಣ್ಣು ಕುಕ್ಕುತ್ತೆ, ನೀನು ಬ್ರೇಕ್ ಹಾಕಿದ್ದೂ ಆ ಕೆಂಪಿನಲ್ಲಿ ಗೊತ್ತಾಗಲ್ಲ.

ಯಾರಾದರೂ ಹಿಂದಿನಿಂದ ಲೈಟ್ ಹೊಡೆದರೆ ಅವರಿಗೆ ಅವಸರ ಅಂದ್ಕೋಬೇಡ. ನಿನ್ನೆ ಬೆಳಿಗ್ಗೆ ಬಿಸಿಲು ಬಂದ ಮೇಲೆ ಒಂದು ಸ್ಕೂಟರ್ ಲೈಟ್ ಹೊಡೀತಾನೇ ಬಂತಲ್ಲ? ನೀನು ಕೈ ಹೊರಗೆ ಹಾಕಿ ಮುಂದೆ ಹೋಗು ಅಂದೆ. ಆಮೇಲೆ ಹಸು ಅಡ್ಡ ಬಂತು ಅಂತ ಗಕ್ಕನೆ ಬ್ರೇಕ್ ಒತ್ತಿ, ಹಿಂದೆ ತಿರುಗಿಯೂ ನೋಡದೆ ಹೊರಟುಬಿಟ್ಟೆ.

ಕೊಟ್ಟಿಗೆ ಹಿಂದೆ ಹೋಗಿ ನನ್ನ ಸ್ಕೂಟರ್ ನೋಡು. ಚರಂಡಿಯಿಂದ ಎತ್ತಿಸಿ ತಂದಿದ್ದು. ಮಂಡಿ ತರಚಿದ್ದು ಬಿಟ್ಟರೆ ನನಗೇನೂ ಆಗಿಲ್ಲ, ಅವ್ವನಿಗೆ ಹೇಳಬೇಡ.

ಇವತ್ತು ನಿನ್ನ ಹಿಂದೆ ಯಾರ ಅಕ್ಕ ಬರ್ತಿರ್ತಾಳೋ, ನೋಡ್ಕೊಂಡು ಹೋಗಪ್ಪ.

ಉಷಕ್ಕ