‘ಬಿಡ್ತು ಅನ್ನಿ’ ಎಂದದ್ದಕ್ಕೆ

ಕೋಲಾರ
ಫೆಬ್ರವರಿ ೩೦, ೨೧೯೧

ನಮಗಿಂತ ಹಿಂದೆ ಬಾಳಿದ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗದಲ್ಲಿ ಅದೂ ಒಂದು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಶಾಕಂಬರಿ, ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನುಡಿಗಾವಲಿನವಳು. ನಿಮ್ಮಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಯಿಂದ ಸಹಿ ಹಾಕಿಸುತ್ತಿದ್ದರಂತೆ, ನಮ್ಮಲ್ಲಿ ಮರುನುಡಿ. ಅಂದರೆ ಡಾಕ್ಟರು ಹೇಳಿದ ಅಪಾಯಗಳನ್ನು ರೋಗಿ ಒಂದು ರಾತ್ರಿ ಮಲಗಿ ಎದ್ದಮೇಲೆ ತನ್ನ ಮಾತಿನಲ್ಲೇ ತಿರುಗಿ ಹೇಳಬೇಕು. ಹೇಳಲಾಗದಿದ್ದರೆ ಚಾಕು ಮುಟ್ಟುವಂತಿಲ್ಲ. ಕಾಫಿ ಕೊಡುತ್ತೇವೆ, ಅವಸರ ಮಾಡುವುದಿಲ್ಲ. ಕೆಲವರು ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ನೆಂಟರ ಜಗಳವನ್ನೆಲ್ಲ ಹೇಳಿ ಮುಗಿಸಿ ಕೊನೆಗೆ ವಿಷಯಕ್ಕೆ ಬರುತ್ತಾರೆ. ಕೇಳಿಸಿಕೊಂಡು ‘ರೋಗಿಗೆ ನೆನಪಿದೆ’ ಎಂದು ಒಪ್ಪಿಗೆ ಕೊಡುವುದು ನನ್ನ ಕೆಲಸ. ನಿಮಗಿಂತ ನಾವು ಮೇಲು ಎಂದು ಬೀಗುತ್ತಿದ್ದೆವು.

ಆಂಜಿನಮ್ಮ ಟೊಮ್ಯಾಟೊ ಮಂಡಿಯಲ್ಲಿ ಹರಾಜು ಕೂಗುವವಳು. ಯಂತ್ರ ಕೂಗಿದರೆ ವ್ಯಾಪಾರಿಗಳು ಬೆಲೆ ಏರಿಸುವುದಿಲ್ಲ, ಹಾಗಾಗಿ ನಮ್ಮ ಕಾಲದಲ್ಲೂ ಮಂಡಿಗೆ ಮನುಷ್ಯರ ಗಂಟಲೇ ಬೇಕು. ಆಕೆಯ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು. ನೋವಿಲ್ಲ, ಪ್ರಾಣಕ್ಕೆ ಕುತ್ತಿಲ್ಲ, ನೋಡಲು ಚೆನ್ನಾಗಿಲ್ಲ ಅಷ್ಟೆ. ತೆಗೆಯುವಾಗ ಗಂಟಲಿನ ನರಕ್ಕೆ ಪೆಟ್ಟಾಗಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಮರುದಿನ ಆಕೆ ತಡವರಿಸದೆ ಒಪ್ಪಿಸಿದಳು: “ನರಕ್ಕೇನಾರ ಏಟಾದ್ರೆ ನನ್ ದನಿ ಓಗ್ಬೋದಂತೆ ಕಣಮ್ಮ.” ಪಕ್ಕದಲ್ಲಿದ್ದ ಆಕೆಯ ಅಕ್ಕನ ಮುಖ ಬಿಳಿಚಿತು. ನಾನು ತಡೆಯಲಾರದೆ, ಮನೆಯಲ್ಲಿ ಯಾರಾದರೂ ಅಪಶಕುನ ಆಡಿದಾಗ ಅನ್ನುವಂತೆ, “ಬಿಡ್ತು ಅನ್ನಿ” ಅಂದುಬಿಟ್ಟೆ. “ಬಿಡ್ತು, ಬಿಡ್ತು” ಎಂದು ಆಕೆ ನಕ್ಕಳು. ಮೂವರಿಗೂ ಹಗುರಾಯಿತು. ಅಪಾಯ ಅಲ್ಲಿಗೇ ಕಳೆಯಿತೆಂದು ಆಕೆ ನಂಬಿದಳು. ನಾನು ಒಪ್ಪಿಗೆ ಕೊಟ್ಟೆ.

ದನಿ ಹೋಯಿತು. ಈಗ ಬಾಯಿಂದ ಬರೀ ಗಾಳಿ ಬರುತ್ತದೆ. “ಮೊದ್ಲೇ ಯಾಕ್ ಏಳ್ಲಿಲ್ಲ?” ಎಂದು ಆ ಪಿಸುಮಾತಿನಲ್ಲೇ ಕೇಳಿದಾಗ, ನಿಯಮದಂತೆ ಆಕೆಯ ಮರುನುಡಿಯ ಧ್ವನಿಮುದ್ರಣ ಹಾಕಿದೆ. ನಮ್ಮ ತಪ್ಪಿಲ್ಲವೆಂದು ತೋರಿಸಲು, ಆಕೆಯ ದನಿಯನ್ನೇ ಆಕೆಗೆ ಕೇಳಿಸಿದೆ. ನಾಚಿಕೆಯಿಂದ ತಗ್ಗಿದ ನನ್ನ ತಲೆ ಇನ್ನೂ ಎದ್ದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ರೋಗಿಗೆ ಅಪಾಯದ ಹೆಸರು ನೆನಪಿದ್ದರೆ ಸಾಕೆಂದುಕೊಳ್ಳಬೇಡಿ. ‘ದನಿ ಹೋದರೆ ನಾಳಿದ್ದು ಮಂಡಿಯಲ್ಲಿ ಏನು ಮಾಡುತ್ತೀರಿ?’ ಎಂದು ಕೇಳಿ, ಉತ್ತರ ಬರುವವರೆಗೂ ಬಾಯಿ ಮುಚ್ಚಿಕೊಂಡಿರಿ. ನಾನು ಅಷ್ಟು ಕೇಳಿದ್ದರೆ ಆಕೆ ಗಂಟಿನ ಜೊತೆಗೇ ಮನೆಗೆ ಹೋಗುತ್ತಿದ್ದಳು.

ಇಲ್ಲಿಗೆ ನಿಲ್ಲಿಸುತ್ತೇನೆ. ಆಂಜಿನಮ್ಮ ಇವತ್ತೂ ಬಂದು ಎದುರಿಗೆ ಕೂತಿದ್ದಾಳೆ. ಜಗಳಕ್ಕಲ್ಲ. ತನ್ನ ದನಿಯ ಆ ಮುದ್ರಣವನ್ನು ಇನ್ನೊಂದು ಸಲ ಹಾಕು ಎಂದು ಕೈಸನ್ನೆ ಮಾಡುತ್ತಿದ್ದಾಳೆ.