ಬಂಗುಡೆಯ ರಜಾ ಅರ್ಜಿ

ವರ್ಕಾಡಿ
22 ಸೆಪ್ಟೆಂಬರ್ 2025

ಪರಮಪೂಜ್ಯ, ಮಹಾಮಹಿಮ, ಶ್ವೇತವಸ್ತ್ರಧಾರಿಣಿ, ಮೊಬೈಲ್ ಪರಿತ್ಯಾಗಿನಿ, ನಮ್ಮ ವಂಶದಲ್ಲಿ ಬೆಳಗಿನ ಜಾವ ಸ್ವಂತ ಇಚ್ಛೆಯಿಂದ ಏಳುವ ಮೊದಲನೆಯ ಮತ್ತು ಬಹುಶಃ ಕೊನೆಯ ವ್ಯಕ್ತಿಯಾದ ಸಿಸ್ಟರ್ ಟ್ರೀಜಾ ಅವರ ದಿವ್ಯ ಸನ್ನಿಧಾನಕ್ಕೆ, ಹೊಸಂಗಡಿ ಲೈನಿನ ಜೀಪಿನ ಎದುರು ಸೀಟಿನ ಮಾಜಿ ಅಧಿಪತಿ, ಡ್ರೈವರ್ ಕಜೆತಾನ್‌ರ ಏಕಮಾತ್ರ ಪುತ್ರ ಲ್ಯಾರಿ ಮೊಣಕಾಲೂರಿ ಸಲ್ಲಿಸುವ ಪತ್ರ.

ಅಕ್ಕಾ, ಹೇಗಿದ್ದಿ? ಮೊಣಕಾಲು ಹೇಗಿದೆ? ದಿನಕ್ಕೆ ಅಷ್ಟು ಸಲ ಮಂಡಿಯೂರಿದರೆ ಚಿಪ್ಪು ಸವೆಯುತ್ತದೆ ಎಂದು ಪಪ್ಪ ಚಿಂತೆಯಲ್ಲಿದ್ದಾರೆ. ಜೀಪಿನ ಬುಶ್ ಹಾಗೆ ಬದಲಿಸಲಿಕ್ಕೆ ಬರುವುದಿಲ್ಲವಲ್ಲ ಅನ್ನುತ್ತಾರೆ. ಮೈಸೂರಿನ ಬಿಳಿ ಬೆಳ್ತಿಗೆ ಅನ್ನಕ್ಕೆ ಹೊಟ್ಟೆ ಒಗ್ಗಿತೇ? ಕುಚ್ಚಲಕ್ಕಿ ಗಂಜಿ ಕನಸಿನಲ್ಲಿ ಬರುತ್ತದೆ ಎಂದು ನೀನು ಕಳೆದ ಪತ್ರದಲ್ಲಿ ಬರೆದಿದ್ದೆ. ದೇವರಿಗಾಗಿ ಎಲ್ಲವನ್ನೂ ಬಿಟ್ಟವರು ಕನಸಿನಲ್ಲಿ ಗಂಜಿ ಕುಡಿದರೆ ಅದು ಪಾಪವೋ ಅಲ್ಲವೋ, ನಿನ್ನ ಮದರ್ ಹತ್ತಿರ ಕೇಳಿ ತಿಳಿಸು. ವ್ರತ ತೆಗೆದುಕೊಳ್ಳುವ ಮುಂಚಿನ ತರಬೇತಿ, ನೊವಿಶಿಯೇಟಿನ ಈ ಒಂದು ವರ್ಷ ಫೋನ್ ಇಲ್ಲ ಎಂದು ಮಾಡಿದವರ ತಲೆ ತಣ್ಣಗಿರಲಿ. ಅವರ ದಯೆಯಿಂದ, ಹುಟ್ಟಿದಾಗಿನಿಂದ ಕೊಂಕಣಿಯಲ್ಲಿ ಜಗಳ ಮಾಡಿದ ನಾವಿಬ್ಬರು ಈಗ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಮರ್ಯಾದೆಯಿಂದ ಪತ್ರ ಬರೆಯುತ್ತಿದ್ದೇವೆ. ನನ್ನ ಪ್ರಬಂಧಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಿದ್ದವಳು ನೀನೇ ಆದ್ದರಿಂದ ಇದರಲ್ಲಿರುವ ತಪ್ಪುಗಳಿಗೂ ನೀನೇ ಜವಾಬ್ದಾರಿ.

ಮೊದಲು ನನ್ನ ಲಿವರಿನ ವಿಷಯ ಇತ್ಯರ್ಥವಾಗಲಿ. ಲ್ಯಾರಿಗೆ ಕಾಮಾಲೆ, ಹಾಗಾಗಿ ಪತ್ರ ಬರೆಯುತ್ತಿಲ್ಲ ಎಂದು ಮಮ್ಮಿ ಜುಲೈಯಲ್ಲಿ ನಿನಗೆ ಬರೆದಿದ್ದರು. ನೀನು ಅದಕ್ಕಾಗಿ ಒಂಬತ್ತು ದಿನದ ಒಂದು ಇಡೀ ನೊವೇನಾ ಮುಗಿಸಿದ್ದಲ್ಲದೆ ಜತೆಯವರಿಂದಲೂ ಪ್ರಾರ್ಥನೆ ಮಾಡಿಸಿದೆ. ಅದರ ಫಲವಾಗಿ ಈಗ ಮಂಜೇಶ್ವರ ತಾಲೂಕಿನಲ್ಲೇ ಅತ್ಯಂತ ಪವಿತ್ರವಾದ ಲಿವರ್ ನನ್ನದು. ಆದರೆ ಅದಕ್ಕೆ ಯಾವತ್ತೂ ಎಂತದ್ದೂ ಆಗಿರಲಿಲ್ಲ ಅಕ್ಕಾ. ನನಗೆ ಆದದ್ದು ತಲೆಗೆ. ಬೈಪೋಲಾರ್ ಎಂದು ಹೆಸರು. ಮನಸ್ಸು ಒಮ್ಮೆ ಮೇಲೆ ಹಾರುತ್ತದೆ, ಒಮ್ಮೆ ಕೆಳಗೆ ಬೀಳುತ್ತದೆ, ಎರಡು ಧ್ರುವಗಳಂತೆ. ಭೂಮಿಗೂ ಎರಡೇ ಇರುವುದು, ಹಾಗಾಗಿ ನನ್ನದು ಸಣ್ಣ ಕಾಯಿಲೆಯಲ್ಲ. ನೀನು ಕಾನ್ವೆಂಟಿಗೆ ಸೇರುವಾಗ ಮದರ್ ಬಂದು, ಮನೆಯಲ್ಲಿ ಯಾರಿಗಾದರೂ ಮಾನಸಿಕ ರೋಗ ಉಂಟಾ ಎಂದು ಕೇಳಿದ್ದರಂತೆ. ಆಗ ಮಮ್ಮಿ ಇಲ್ಲ ಎಂದದ್ದು ಸತ್ಯವೇ ಆಗಿತ್ತು. ಈಗ ಅದು ಸುಳ್ಳಾಗಿ, ವ್ರತಕ್ಕೆ ಐದೇ ತಿಂಗಳಿರುವಾಗ ನಿನ್ನನ್ನು ಮನೆಗೆ ಕಳುಹಿಸಿಬಿಟ್ಟಾರೆಂದು ಹೆದರಿ ಅವರು ಲಿವರನ್ನು ಮುಂದೆ ಮಾಡಿದ್ದು. ಮದರ್‌ಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಿನಗೆ ಹೇಳದಿರಲು ಮಾತ್ರ ನನ್ನಿಂದಾಗಲಿಲ್ಲ. ದೇವರ ಹತ್ತಿರ ತಪ್ಪು ಅಂಗದ ಬಗ್ಗೆ ಅಷ್ಟು ಶಿಫಾರಸು ಮಾಡಿಸುವುದು ನನ್ನಂಥವನಿಗೂ ಸ್ವಲ್ಪ ಜಾಸ್ತಿಯಾಯಿತು.

ಆದದ್ದು ಹೇಗೆಂದರೆ, ಮೇ ತಿಂಗಳಲ್ಲಿ ನನಗೆ ನಿದ್ದೆಯೇ ಬೇಡವಾಯಿತು. ಸುಸ್ತೂ ಇಲ್ಲ. ಲೋಕದ ಎಲ್ಲ ತೊಂದರೆಗಳಿಗೂ ಪರಿಹಾರ ನನ್ನ ತಲೆಯಲ್ಲಿ ಒಂದರ ಹಿಂದೆ ಒಂದು ಬಂದು ನಿಲ್ಲುತ್ತಿತ್ತು, ಹಬ್ಬದ ದಿನ ಬಸ್ಸುಗಳು ನಿಂತ ಹಾಗೆ. ಒಂದು ಬೆಳಿಗ್ಗೆ ಜೀಪಿನ ಬಾನೆಟ್ ಮೇಲೆ ಹತ್ತಿ, ಕಜೆತಾನ್ ಸರಕಾರದ ಆಜ್ಞೆಯಂತೆ ಇಂದಿನಿಂದ ಎಲ್ಲರಿಗೂ ಪ್ರಯಾಣ ಉಚಿತ ಎಂದು ಘೋಷಿಸಿದೆ. ಬೀಡಿ ಬ್ರಾಂಚಿನ ಉಗ್ಗಪ್ಪಣ್ಣ ಕೈಮುಗಿದು, “ನಿನ್ನ ಸರಕಾರ ಬೀಳದಿರಲಿ ಮಾರಾಯ” ಎಂದು ಹತ್ತಿ ಕುಳಿತರು. ಪಪ್ಪನೂ ನಕ್ಕರು. ಮಮ್ಮಿ ಮಾರಲಿಕ್ಕೆ ಕಟ್ಟಿಟ್ಟ ಮಲ್ಲಿಗೆಯನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆ, ಪೊಲೀಸರಿಗೂ ಒಂದು ಮೊಳ, ಹಂಚಿದೆ. ಅದಕ್ಕೂ ನಕ್ಕರು. ಆಮೇಲೆ ಒಂದು ಮಧ್ಯಾಹ್ನ ತಲಪಾಡಿಗೆ ನಡೆದುಕೊಂಡು ಹೋಗಿ, ಗಡಿಯ ಹತ್ತಿರ ಹೈವೇ ಮಧ್ಯೆ ನಿಂತು, ಪಪ್ಪನ ಕೆಂಪು ಟವೆಲ್ ಬೀಸಿ ಲಾರಿಗಳನ್ನು ನಿಲ್ಲಿಸಿ, ಕೇರಳ ಕರ್ನಾಟಕದ ನಡುವಿನ ಗಡಿ ರದ್ದಾಗಿದೆ, ಹೆದರದೆ ದಾಟಿರಿ ಎಂದು ಒಬ್ಬೊಬ್ಬ ಡ್ರೈವರನಿಗೂ ತಿಳಿಸಲು ತೊಡಗಿದೆ. ಒಂದು ಮೀನಿನ ಲಾರಿ ನನ್ನ ಹೊಟ್ಟೆಗೆ ಎರಡು ಗೇಣು ದೂರದಲ್ಲಿ ಬ್ರೇಕ್ ಹಾಕಿ ನಿಂತಿತು. ನನ್ನ ಪ್ರಾಣಮಿತ್ರ ಪ್ರವೀತ್ ಅದನ್ನು ವೀಡಿಯೋ ಮಾಡಿ, ನಗುವ ಮುಖಗಳ ಮೆರವಣಿಗೆ ಸಮೇತ ಸ್ಟೇಟಸ್ಸಿಗೆ ಹಾಕಿದ. “ಲ್ಯಾರಿಯದ್ದು ಇದ್ದದ್ದೇ” ಎಂದು ಊರೆಲ್ಲ ನೋಡಿತು.

ನಾನು ತಮಾಷೆ ಮಾಡುತ್ತಿರಲಿಲ್ಲ ಅಕ್ಕಾ. ನನ್ನ ಮಟ್ಟಿಗೆ ಗಡಿ ನಿಜವಾಗಿಯೂ ರದ್ದಾಗಿತ್ತು. ಅದನ್ನು ಜನರಿಗೆ ಹೇಳದಿದ್ದರೆ ಏನೋ ಅನಾಹುತವಾಗುತ್ತದೆಂದು ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಕಿರುಚಿದಷ್ಟೂ ಅವರು ನಕ್ಕರು. ಅವರದೇನೂ ತಪ್ಪಿಲ್ಲ, ನಾನು ಗಂಭೀರ ಮುಖ ಮಾಡಿದರೆ ನಗಬೇಕೆಂದು ಇಷ್ಟು ವರ್ಷ ಊರಿಗೆ ಪಾಠ ಮಾಡಿದವನು ನಾನೇ ತಾನೇ? ಸುದ್ದಿ ಸಿಕ್ಕಿ ಪಪ್ಪ ಜೀಪ್ ತಂದರು. ಇಳಿಯುವಾಗ ಅವರೂ ನಗುತ್ತಲೇ, “ಆಯ್ತಲ್ಲ ಸಾಹೇಬ್ರೇ, ಇನ್ನು ಊಟಕ್ಕೆ ಬನ್ನಿ” ಎಂದರು. ಆಮೇಲೆ ನನ್ನ ಕಾಲು ನೋಡಿದರು. ಚಪ್ಪಲಿ ಇರಲಿಲ್ಲ. ಡಾಮರಿನ ಮೇಲೆ ಅಷ್ಟು ದೂರ ನಡೆದು ಅಂಗಾಲು ಒಡೆದು ರಕ್ತ ಬರುತ್ತಿತ್ತು, ನನಗದು ಗೊತ್ತೇ ಇರಲಿಲ್ಲ. ಪಪ್ಪನ ನಗು ನಿಂತದ್ದು ಅಲ್ಲಿ. ಅದು ಪುನಃ ಶುರುವಾದದ್ದನ್ನು ನಾನಿನ್ನೂ ನೋಡಿಲ್ಲ.

ಮಂಗಳೂರಿನ ಆಸ್ಪತ್ರೆಯ ಕಥೆ ಬೇಡ. ಅಲ್ಲಿಂದ ಬಂದ ಮೇಲೆ ಎರಡನೆಯ ಧ್ರುವಕ್ಕೆ ಹೋದೆ. ಅಲ್ಲಿ ನೋಡಲಿಕ್ಕೆ ಎಂತದೂ ಇಲ್ಲ. ಮಳೆ ಬರುವುದು ಕೇಳುತ್ತದೆ, ಗೋಡೆ ಕಾಣುತ್ತದೆ, ಮಮ್ಮಿ ಚಮಚದಲ್ಲಿ ಗಂಜಿ ಕೊಡುತ್ತಾರೆ. ಅಷ್ಟೆ. ಈಗ ಅಲ್ಲಿಂದ ಮೇಲೆ ಬಂದಿದ್ದೇನೆ. ತಿಂಗಳಿಗೊಮ್ಮೆ ನಮ್ಮ ಹೆಲ್ತ್ ಸೆಂಟರಿಗೆ ತೆಂಕಣದ ಕಡೆಯ ಡಾಕ್ಟರೊಬ್ಬರು ಬರುತ್ತಾರೆ. “ಉರಕ್ಕಂ ಉಂಡೋ?” ಎಂದು ಮಲಯಾಳದಲ್ಲಿ ನನ್ನ ನಿದ್ದೆಯ ಕ್ಷೇಮ ವಿಚಾರಿಸುತ್ತಾರೆ. ಉಂಟು ಸಾರ್, ನಿದ್ದೆಗೇ ನಾನು ಬೇಡವಾಗುವಷ್ಟು ಉಂಟು ಎಂದೆ. ಅವರು ನಗಲಿಲ್ಲ, ಬರೆದುಕೊಂಡರು. ಮಾತ್ರೆ ತಪ್ಪಿಸುತ್ತಿಲ್ಲ. ಅದರಿಂದ ಬಾಯಿ ಒಣಗುತ್ತದೆ, ಬೆರಳು ನಡುಗುತ್ತದೆ. ನಾನು ಕಟ್ಟಿದ ಮಲ್ಲಿಗೆ ಬಾಳೆನಾರಿನಲ್ಲಿ ನಿಲ್ಲದೆ ಜಾರಿ ಬೀಳುತ್ತದೆ. ಮಮ್ಮಿ, ನಾನು ಎದ್ದುಹೋದ ಮೇಲೆ ಬಿಚ್ಚಿ ಪುನಃ ಕಟ್ಟುತ್ತಾರೆ. ನಾನು ಕಿಟಕಿಯಿಂದ ನೋಡಿದ್ದೇನೆ.

ಈಗಿನ ತೊಂದರೆ ಬೇರೆ. ಮೊದಲು ನನ್ನ ಕಾಯಿಲೆಯನ್ನು ತಮಾಷೆ ಎಂದುಕೊಂಡವರು ಈಗ ನನ್ನ ತಮಾಷೆಯನ್ನೆಲ್ಲ ಕಾಯಿಲೆ ಅನ್ನುತ್ತಾರೆ. ಮೊನ್ನೆ ಮರಿಯಮ್ಮನ ಹುಟ್ಟಿದ ದಿನ, ಮೊಂತಿ ಹಬ್ಬದ್ದು ಕೇಳು. ಎಲೆ ಹಾಕಿ, ಹೊಸ ಅಕ್ಕಿಯ ಪಾಯಸ, ಸಾಲಾಗಿ ತರಕಾರಿ. ಮನೆ ಮೂರು ತಿಂಗಳಿಂದ ಸತ್ತ ಹಾಗಿತ್ತು, ಹಬ್ಬದ ದಿನವಾದರೂ ಏನಾದರೂ ಮಾಡೋಣವೆಂದು ನಾನು ಎದ್ದು ನಿಂತು ಕಾಗದ ಬಿಡಿಸಿ ಓದಿದೆ: “ಮಾನ್ಯ ಶ್ರೀಮತಿ ಫೆಲ್ಸಿಯವರ ಅಡುಗೆಮನೆಗೆ. ಇಂದು ಸಸ್ಯಾಹಾರದ ದಿನವಾದ ಕಾರಣ, ಕಳೆದ ಇಪ್ಪತ್ತೈದು ವರ್ಷಗಳಿಂದ ತಮ್ಮ ಮೀನುಸಾರಿನ ಮಣ್ಣಿನ ಸಟ್ಟಿಯಲ್ಲಿ ನಿಷ್ಠೆಯಿಂದ ಸೇವೆ ಸಲ್ಲಿಸುತ್ತಿರುವ ನನಗೆ ಒಂದು ದಿನದ ಸಂಬಳಸಹಿತ ರಜೆ ಮಂಜೂರು ಮಾಡಬೇಕಾಗಿ ವಿನಂತಿ. ಇತಿ, ತಮ್ಮ ವಿಧೇಯ ಬಂಗುಡೆ.” ಮೊದಲಾಗಿದ್ದರೆ ನೀನು ನೀರು ಕುಡಿಯುತ್ತಾ ಮೂಗಿನಿಂದ ಹೊರಗೆ ಬಿಡುತ್ತಿದ್ದೆ. ಮಮ್ಮಿ ಸೌಟು ಕೆಳಗಿಟ್ಟರು. ಹತ್ತಿರ ಬಂದು ನನ್ನ ಗಲ್ಲ ಹಿಡಿದು ಕಣ್ಣು ನೋಡಿದರು. “ರಾತ್ರಿ ಮಲಗಿದ್ದೀಯಲ್ಲ ಪುತಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದರು. ಮಾತ್ರೆಯ ಡಬ್ಬಿ ತೆರೆದ ಶಬ್ದ ಕೇಳಿಸಿತು. ಪಾಯಸ ತಣಿಯಿತು. ಪಪ್ಪ ಆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಪೂರ್ತಿ ಓದಿ, ಮಡಚಿ ಕಿಸೆಗೆ ಹಾಕಿದರು. ಮರುದಿನ ನೋಡಿದರೆ ಅದನ್ನು ಜೀಪಿನ ಗಾಜಿನ ಮೇಲೆ, ಮಾತೆ ಮರಿಯಮ್ಮನ ಚಿತ್ರದ ಹಿಂದೆ ಸಿಕ್ಕಿಸಿದ್ದರು. ಅರ್ಜಿ ಮಂಜೂರಾಯಿತೋ ಇಲ್ಲವೋ ತಿಳಿಯಲಿಲ್ಲ.

ಸರಿ, ಇನ್ನು ಬಾಯಿ ಮುಚ್ಚಿ ಮರ್ಯಾದೆಯವನಾಗಿ ಇರುವುದೆಂದು ತೀರ್ಮಾನಿಸಿದೆ. ಅದಕ್ಕೆ ಮಮ್ಮಿಯದ್ದು, “ಎಂತಕ್ಕೆ ಮಾತಾಡುವುದಿಲ್ಲ? ಡಾಕ್ಟರಿಗೆ ಫೋನ್ ಮಾಡುವುದಾ?” ನಕ್ಕರೂ ಕಷ್ಟ, ನಗದಿದ್ದರೂ ಕಷ್ಟ. ಜೀಪಿನಲ್ಲಿ ನಾನು ಎದುರು ಸೀಟಿನಲ್ಲಿದ್ದರೆ ಉಗ್ಗಪ್ಪಣ್ಣ ಹಿಂದೆ ಹೋಗಿ ಕೋಳಿಗೂಡಿನ ಪಕ್ಕ ಕುಳಿತುಕೊಳ್ಳುತ್ತಾರೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಪ್ರವೀತ್ ಸ್ಟೇಟಸ್ ಅಳಿಸಿ, ಮನೆಯವರೆಗೂ ಬಂದು, ಅಂಗಳದಲ್ಲಿ ನಿಂತು ಅತ್ತು ಹೋದ. ಅವನನ್ನು ಸಮಾಧಾನ ಮಾಡಲಿಕ್ಕೆ ಒಂದು ಜೋಕ್ ಹೇಳಿದೆ. ಇನ್ನೂ ಜೋರಾಗಿ ಅತ್ತ.

ಡಿಸೆಂಬರ್ ಎಂಟಕ್ಕೆ ನಿನ್ನ ವ್ರತದ ತಯಾರಿ ಜೋರಾಗಿದೆ. ಮಮ್ಮಿಯ ಸೀರೆ ಬಂದಿದೆ, ಪಪ್ಪ ಜೀಪಿಗೆ ಹೊಸ ಟಯರ್ ಹಾಕಿಸುತ್ತಿದ್ದಾರೆ, ಮೈಸೂರಿಗೆ ಅದರಲ್ಲೇ ಹೊರಡುವುದಂತೆ. ಮೊನ್ನೆ ಅಡುಗೆಮನೆಯಲ್ಲಿ ಮಮ್ಮಿ ಪಪ್ಪನಿಗೆ ಮೆಲ್ಲಗೆ ಹೇಳುತ್ತಿದ್ದರು, “ಅವನನ್ನು ಬಾಯಾರಿನ ಚಿಕ್ಕಮ್ಮನ ಮನೆಯಲ್ಲಿ ಬಿಡುವ. ಅಲ್ಲಿ ಪೂಜೆಯ ಮಧ್ಯೆ ಅವನು ನಕ್ಕುಬಿಟ್ಟರೆ ಎಂತ ಮಾಡುವುದು?” ನಾನು ಒಳಗೆ ಹೋಗಿ ಕೇಳಲಿಲ್ಲ. ಮಮ್ಮಿಯ ಮೇಲೆ ನನಗೆ ಸಿಟ್ಟಿಲ್ಲ, ನಿನಗೂ ಬೇಡ. ಈ ಒಂದೇ ಮಳೆಗಾಲದಲ್ಲಿ ಬೆಳ್ಳಗಾದ ಅವರ ಕೂದಲು ನೋಡಿದರೆ ಗೊತ್ತಾಗುತ್ತದೆ. ಅಷ್ಟಾದರೂ ಮಲ್ಲಿಗೆ ಮಾರಿ ಬಂದ ಹಣದಲ್ಲಿ ನನಗೊಂದು ಬಿಳಿ ಶರ್ಟು ತಂದು ಕಪಾಟಿನಲ್ಲಿಟ್ಟಿದ್ದಾರೆ. ಯಾವುದಕ್ಕೆಂದು ಹೇಳುವುದಿಲ್ಲ.

ಇನ್ನು ಮುಗಿಸುತ್ತೇನೆ. ನಿನ್ನ ಮದರ್‌ಗೆ ನನ್ನ ಸಾಷ್ಟಾಂಗ ವಂದನೆ. ನನ್ನ ಲಿವರಿಗಾಗಿ ಪ್ರಾರ್ಥಿಸಿದ ಎಲ್ಲ ನೊವಿಸರಿಗೂ ಲಿವರಿನ ಪರವಾಗಿ ಕೃತಜ್ಞತೆ. ಆ ಪುಣ್ಯವನ್ನು ಮೇಲಿನ ಅಂಗಕ್ಕೆ ವರ್ಗಾಯಿಸಲಿಕ್ಕೆ ಬರುತ್ತದೋ ವಿಚಾರಿಸು. ಮಾತೆ ಮರಿಯಮ್ಮ ನಿನ್ನ ಮೊಣಕಾಲು ಕಾಯಲಿ.

ಗಡಿ ನಿರ್ಮೂಲನಾ ಇಲಾಖೆಯ ಮಾಜಿ ಮುಖ್ಯಸ್ಥ,
ನಿನ್ನ ತಮ್ಮ
ಲ್ಯಾರಿ

ತಾಜಾಕಲಂ: ಪಪ್ಪ ಹಾರ್ನ್ ಹಾಕುತ್ತಿದ್ದಾರೆ, ಹೊಸಂಗಡಿಯಲ್ಲಿ ಪೋಸ್ಟ್ ಮಾಡಬೇಕು. ಅಕ್ಕಾ, ಲ್ಯಾರಿ ಬರಲಿ ಎಂದು ಮಮ್ಮಿಗೆ ನೀನೊಂದು ಸಾಲು ಬರೆ. ನಿನ್ನ ಮಾತು ಕೇಳುತ್ತಾರೆ. ನಾನು ನಗುತ್ತೇನೆಂಬ ಹೆದರಿಕೆ ಬೇಡ ಎಂದೂ ಬರೆ. ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಒಮ್ಮೆಯೂ ನಗು ಬಂದಿಲ್ಲ. ಬಂಗುಡೆಯ ಅರ್ಜಿ ಬರೆಯುವಾಗಲೂ ಇಲ್ಲ, ಈ ಪತ್ರ ಬರೆಯುವಾಗಲೂ ಇಲ್ಲ. ಶೀತವಾಗಿ ತಮ್ಮ ಬಾಯಿರುಚಿ ಹೋದಾಗ ಮಮ್ಮಿ ಕೈಯಳತೆಯಲ್ಲೇ ಉಪ್ಪು ಹಾಕಿ, ಸರಿ ಉಂಟಾ ನೋಡು ಎಂದು ನಮ್ಮ ಹತ್ತಿರ ಕೊಡುತ್ತಿದ್ದರಲ್ಲ, ಹಾಗೆ ಬರೆದದ್ದು. ಓದುವಾಗ ನಿನಗೆ ಎಲ್ಲಿ ನಗು ಬಂತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ಇದನ್ನೇ ವಾಪಸ್ ಕಳುಹಿಸು. ಎಲ್ಲಿಯೂ ಬಾರದಿದ್ದರೆ ಹಾಗೇ ಕಳುಹಿಸು. ನನಗೆ ಬೇಸರವಾಗುತ್ತದೆಂದು ಸುಮ್ಮನೆ ಗೆರೆ ಎಳೆಯಬೇಡ.