ಸರ್ಜಾ ದಾಟಿದ ಗೆರೆ

೨೦ ಆಗಸ್ಟ್ ೧೯೯೮, ಗುರುವಾರ
ಮತ್ತೆ ಕರೆಂಟ್ ಇಲ್ಲ. ಒರಳಿನಲ್ಲೇ ಹೂರಣ ರುಬ್ಬಿದೆ. ನಾಳೆ ಪೋಳಾ, ಎತ್ತುಗಳ ಹಬ್ಬ. ನಮ್ಮ ಧಾರವಾಡದ ಕಾರಹುಣ್ಣಿಮೆ ಇದ್ದ ಹಾಗೆ. ಆದರೆ ಇಪ್ಪತ್ತೇ ಮನೆಯ ಈ ಮರಾಠಿ ಊರಿಗೆ ತನ್ನದೇ ಹಟ. ಸಂಜೆ ಎತ್ತು ತಾನಾಗಿಯೇ ಊರಬಾಗಿಲ, ಅಂದರೆ ಅಗಸೆಯ, ಸುಣ್ಣದ ಗೆರೆ ದಾಟಿ ಒಳಗೆ ಬರಬೇಕಂತೆ. ಕರೆಯಬಾರದು, ಮೇವು ತೋರಿಸಬಾರದು, ಹೊಡೆಯಬಾರದು. ಎತ್ತು ಬರದಿದ್ದರೆ ಆ ಮನೆಯವರೂ ಅದರ ಜೊತೆ ಊರ ಹೊರಗೇ. ನನಗೆ ನಗು ಬಂತು. ನಮ್ಮ ಬಾಡಿಗೆ ಮನೆಯ ಒಡತಿ ಯಮುನಾಬಾಯಿ ನಗಲಿಲ್ಲ. ಒಂಟಿ ಜೀವ. ಇರುವುದು ಒಂದೇ ಎತ್ತು, ಸರ್ಜಾ — ಮುದಿಯಾಗಿದೆ.

೨೧ ಆಗಸ್ಟ್, ಸಂಜೆ
ಎಲ್ಲ ಎತ್ತೂ ಬಂದವು. ಸರ್ಜಾ ಮಾತ್ರ ಗೆರೆಯ ಆಚೆ, ಬೇವಿನ ಬುಡದಲ್ಲಿ ಮಲಗಿಬಿಟ್ಟಿತು. ಕೊಂಬಿಗೆ ಬೇಗಡೆ, ಮೈಮೇಲೆ ಹೊಸ ಜೂಲು. ಯಮುನಾಬಾಯಿ ಪಕ್ಕದಲ್ಲಿ ಕೂತಳು. ನಾವು ಒಳಗೆ ಬಂದೆವು. ಬಾಡಿಗೆಯವರಿಗೆ ಎತ್ತೂ ಇಲ್ಲ, ಕಟ್ಟಳೆಯೂ ಇಲ್ಲ. ಅವಳ ಮನೆಯಲ್ಲಿ ನಾವು, ಬಯಲಲ್ಲಿ ಅವಳು. ಊಟ ಸೇರಲಿಲ್ಲ.

೨೩ ಆಗಸ್ಟ್, ಭಾನುವಾರ
ಯಾವಾಗ ತಾನಾಗಿ ಎದ್ದು ಬಂದರೂ ಸರಿಯಂತೆ. ಸರ್ಜಾ ಇನ್ನೂ ಎದ್ದಿಲ್ಲ. ಮಳೆ. ಮುದುಕಿಗೆ ಕೆಮ್ಮು ಹತ್ತಿದೆ. ಊರಿನ ಹಿರಿಯ ಪಾಟೀಲರ ಹತ್ತಿರ ಮಾತಾಡಿ ಎಂದು ಇವರಿಗೆ ಹೇಳಿದೆ. ಕಳಮೇಶ್ವರದ ತಮ್ಮ ಬ್ಯಾಂಕಿನಲ್ಲಿ ದಿನವಿಡೀ ಮಾತಾಡುವವರು, ಇಲ್ಲಿ ಬಾಯಿಗೆ ಬೀಗ.
"ಅವರ ಊರು, ಅವರ ರೀತಿ ಐತಿ, ಚಾರು. ನಾವು ನಡುವ ಬಾಯಿ ಹಾಕೂದು ಬರೋಬರ್ ಅಲ್ಲ."
"ಮುದುಕಿ ಸತ್ತರ ಅದೂ ರೀತಿ ಏನ್ರಿ?"
ಪೇಪರ್ ಮಗುಚಿದರು.

೨೪ ಆಗಸ್ಟ್, ಮಧ್ಯಾಹ್ನ
ತಡೆಯಲಾಗಲಿಲ್ಲ. ಬಿಸಿ ಹೋಳಿಗೆ ಮಾಡಿಕೊಂಡು ಹೋಗಿ ಗೆರೆಯ ಈಚೆ ನಿಂತೆ. ಬಾರೋ ಸರ್ಜಾ, ಬಾರಪ್ಪಾ ಎಂದೆ. ಎದ್ದಿತು. ಕಾಲು ನಡುಗುತ್ತಿತ್ತು. ಗೆರೆ ದಾಟಿ ಬಂದು ನನ್ನ ಅಂಗೈ ನೆಕ್ಕಿತು. ಖುಷಿಗೆ ಅತ್ತೇಬಿಟ್ಟೆ. ಹೊಲದಿಂದ ಬರುತ್ತಿದ್ದ ನಾಲ್ಕು ಜನ ನಿಂತು ನೋಡಿದರು. ಯಮುನಾಬಾಯಿ ಹಣೆಗೆ ಕೈ ಹಚ್ಚಿಕೊಂಡಳು. "ಏನ್ ಮಾಡಿದೆ ಪೋರಿ," ಎಂದಳು ಮರಾಠಿಯಲ್ಲಿ, "ಮುಂಜಾನೆಯಿಂದ ಕಿವಿ ಆಡಸಾಕತ್ತಿದ್ದ. ಇವತ್ತು ತಾನ ಏಳ್ತಿದ್ದ."

ಅದೇ ದಿನ, ಸಂಜೆ
ಪಾಟೀಲರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಸೆ ತೋರಿಸಿ ತಂದ ಎತ್ತು ಬಂದ ಹಾಗಲ್ಲವಂತೆ. ಮುಂದಿನ ಪೋಳಾದವರೆಗೂ ಹೊರಗೇ — ಅವಳೂ, ಅದೂ. ತಪ್ಪು ನನ್ನದು, ಶಿಕ್ಷೆ ನನಗೆ ಕೊಡಿ ಎಂದೆ. "ನೀವು ಬಾಡಿಗೆಯವರು, ತಾಯಿ," ಎಂದರು. ಅಷ್ಟೇ. ಯಮುನಾಬಾಯಿ ಹಗ್ಗ ಹಿಡಿದು ಸರ್ಜಾನನ್ನು ಆಚೆ ಕರೆದುಕೊಂಡು ಹೋದಳು. ಅದು ತಿರುಗಿ ತಿರುಗಿ ನನ್ನನ್ನೇ ನೋಡುತ್ತಿತ್ತು.

೯ ಸೆಪ್ಟೆಂಬರ್, ಬುಧವಾರ
ಯಮುನಾಬಾಯಿಗೆ ಇವರು ಬೇವಿನ ಕೆಳಗೆ ತಾಡಪತ್ರಿ ಕಟ್ಟಿಕೊಟ್ಟಿದ್ದಾರೆ. ಗುಳಿಗೆ ನಡೆದಿದೆ, ಕೆಮ್ಮು ಹಾಗೇ ಇದೆ. ಅವಳ ದೇವರಿಗೆ ನಾನೇ ದೀಪ ಹಚ್ಚುತ್ತೇನೆ. ಬುತ್ತಿ ಒಯ್ದರೆ ತಿನ್ನುತ್ತಾಳೆ, ಸಿಟ್ಟಿಲ್ಲ. ಆ ಸಿಟ್ಟಾದರೂ ಇದ್ದಿದ್ದರೆ...
ಕಷ್ಟ ಸರ್ಜಾನದು. ನನ್ನನ್ನು ಕಂಡರೆ ಸಾಕು, ಎದ್ದು ಗೆರೆಯತ್ತ ಬರುತ್ತದೆ. ದಿನಾ ನಾನೇ ಹಿಂದಕ್ಕೆ ಅಟ್ಟಬೇಕು. ಇವತ್ತು ಬೇಕೆಂದೇ ಬರಿಗೈಯಲ್ಲಿ ಹೋದೆ. ಆದರೂ ಬಂತು, ಮುಂಗಾಲು ಗೆರೆಯ ಮೇಲಿಟ್ಟಿತು. ಅಗಸೆಯ ಕಟ್ಟೆಯಲ್ಲಿ ಪಾಟೀಲರು ಕೂತಿದ್ದರು. ಕೋಲು ತೆಗೆದುಕೊಂಡೆ. ನನ್ನ ಅಂಗೈ ಮೂಸಲು ಕತ್ತು ಚಾಚಿತು. ನಾನು ಹೊಡೆದೆ.